ಕಿತ್ತಳೆ ಗಿಡದ ಬುಡದಲ್ಲಿ ಅಂಟು ಸೋರಿದಾಗ

ಮೂಡಿಗೆರೆ ಕಡೆಯ ಮಳೆ ಗೊತ್ತಲ್ಲ, ಜೂನ್‌ನಲ್ಲಿ ಹಿಡಿದರೆ ಗಿಡದ ಬುಡ ಒಣಗುವುದೇ ಇಲ್ಲ. ಹಿತ್ತಲಿನ ಕಿತ್ತಳೆಯ ಎಲೆ ಹಳದಿಯಾಗಿ ಉದುರತೊಡಗಿತು. ಗೊಬ್ಬರ ಸಾಲದು ಅಂದವರೇ ಹೆಚ್ಚು. ಬಗ್ಗಿ ನೋಡಿದರೆ ಬುಡದ ತೊಗಟೆ ಸೀಳಿ, ಜೇನಿನ ಬಣ್ಣದ ಅಂಟು ಇಳಿದು ಗಟ್ಟಿಯಾಗಿತ್ತು. ಇದು ಫೈಟೋಫ್ತೊರಾ, ಅಡಿಕೆಗೆ ಕೊಳೆರೋಗ ತರುವ ಕುಲದ್ದೇ ರೋಗಾಣು.

ಮಳೆ ಹೊಳವಾದ ದಿನ ಬುಡಕ್ಕೆ ಏರಿದ್ದ ಮಣ್ಣು ಬಿಡಿಸಿ, ಕಸಿ ಗಂಟು ಗಾಳಿಗೆ ಕಾಣುವಂತೆ ಮಾಡಿದೆ. ನೀರು ಹರಿದುಹೋಗಲು ಬಸಿಗಾಲುವೆ ತೆಗೆದೆ. ಕೊಳೆತ ತೊಗಟೆಯನ್ನು ಚೂಪು ಚಾಕುವಿನಿಂದ ಹಸಿರು ಕಾಣುವವರೆಗೆ ಹೆರೆದು, ಬೋರ್ಡೋ ಮುಲಾಮು ಹಚ್ಚಿದೆ. 100 ಗ್ರಾಂ ಮೈಲುತುತ್ತ (ತಾಮ್ರದ ಸಲ್ಫೇಟ್), 100 ಗ್ರಾಂ ಸುಣ್ಣ, ಎರಡನ್ನೂ ಅರ್ಧರ್ಧ ಲೀಟರ್ ನೀರಿನಲ್ಲಿ ಬೇರೆಬೇರೆ ಕರಗಿಸಿ ಆಮೇಲೆ ಕೂಡಿಸಬೇಕು. ಪಾತ್ರೆ ಪ್ಲಾಸ್ಟಿಕ್‌ನದೇ ಇರಲಿ, ಕಬ್ಬಿಣ ಬೇಡವೇ ಬೇಡ. ಹೊಳೆಯುವ ಚಾಕು ಅದ್ದಿ ನೋಡಿ: ತಾಮ್ರದ ಕೆಂಪು ಹಿಡಿದರೆ ಸುಣ್ಣ ಇನ್ನಷ್ಟು ಬೇಕು. ಮಾಡಿದ ದಿನವೇ ಹಚ್ಚಿ ಮುಗಿಸಿ.

ಅಂಟು ನಿಂತಿದೆ, ಗಾಯದ ಅಂಚಿನಿಂದ ಹೊಸ ತೊಗಟೆ ಕೂಡುತ್ತಿದೆ. ಈಗ ಮುಂಗಾರಿಗೆ ಮೊದಲೊಮ್ಮೆ, ಮಳೆ ಮುಗಿದ ಮೇಲೊಮ್ಮೆ ಎರಡು ಅಡಿ ಎತ್ತರದವರೆಗೆ ಬಳಿಯುತ್ತೇನೆ. ಪಕ್ಕದ ನಿಂಬೆ, ಹೇರಳೆ ಗಿಡಕ್ಕೂ ಅದೇ.