ವ್ಯಸನದಿಂದ ಹೊರಬಂದು ಟೆಕ್ಸಾಸ್‌ನಲ್ಲಿ ಆಪ್ತಸಮಾಲೋಚಕರಾಗಲು ಬಯಸುವ ಬೆಳಗಾವಿ, ಬಾಗಲಕೋಟೆ, ವಿಜಯಪುರದವರಿಗೆ

ಕುಡಿತವನ್ನು ಬಿಟ್ಟು ಒಂದೆರಡು ವರ್ಷ ಕಳೆದ ಮೇಲೆ ನಮ್ಮ ಕಡೆಯವರು ನನ್ನನ್ನು ಕೇಳುವ ಪ್ರಶ್ನೆ ಸಾಮಾನ್ಯವಾಗಿ ಒಂದೇ: "ನಾನೂ ಓದಿ ಈ ಕೆಲಸಕ್ಕೆ ಬರಬಹುದೇನ್ರಿ?" ಬರಬಹುದು. ನಾನೂ ಹಾಗೆಯೇ ಬಂದವನು. ಈ ಬರಹವನ್ನು ರಜೆಗೆಂದು ಬಾಗಲಕೋಟೆಯ ನವನಗರದ ಮನೆಗೆ ಬಂದಾಗ ಬರೆಯುತ್ತಿದ್ದೇನೆ. ಡಲ್ಲಾಸ್‌ನಲ್ಲಿರುವ ಗೆಳೆಯನೊಬ್ಬನ ಅಂಕಪಟ್ಟಿಗಳಿಗಾಗಿ ಮೊನ್ನೆಯಷ್ಟೇ ಧಾರವಾಡಕ್ಕೆ ಹೋಗಿ ಬಂದೆ. ಅವನು ಎಡವಿದ ಜಾಗಗಳಲ್ಲೇ ಇನ್ನಷ್ಟು ಜನ ಎಡವಬಾರದೆಂಬುದು ಇದರ ಉದ್ದೇಶ. ಮೊದಲು ತಿಳಿಯಬೇಕಾದ ಮಾತೆಂದರೆ, ನಿಮ್ಮ ಚೇತರಿಕೆಯು ಈ ವೃತ್ತಿಯಲ್ಲಿ ಬೆಲೆಯುಳ್ಳದ್ದು, ಆದರೆ ಅದೇ ಅರ್ಹತೆಯಲ್ಲ. ಅರ್ಹತೆಯನ್ನು ಕಾಗದ, ತರಗತಿ ಮತ್ತು ಗಂಟೆಗಳ ಲೆಕ್ಕದಲ್ಲಿ ಸಂಪಾದಿಸಬೇಕು. ಅದಕ್ಕೊಂದು ಕ್ರಮವಿದೆ, ಆ ಕ್ರಮ ತಪ್ಪಿದರೆ ಕಳೆದುಹೋದ ವರ್ಷಗಳು ಮರಳಿ ಬರುವುದಿಲ್ಲ.

ಅಮೆರಿಕದಲ್ಲಿ ವ್ಯಸನ ಸಮಾಲೋಚಕರಿಗೆ ಇಡೀ ದೇಶಕ್ಕೆ ಅನ್ವಯಿಸುವ ಒಂದೇ ಲೈಸೆನ್ಸ್ ಇಲ್ಲ. ಪ್ರತಿ ರಾಜ್ಯಕ್ಕೂ ತನ್ನದೇ ನಿಯಮ, ತನ್ನದೇ ಹೆಸರು. ಟೆಕ್ಸಾಸ್‌ನಲ್ಲಿ ಅದನ್ನು ಎಲ್‌ಸಿಡಿಸಿ (ಲೈಸೆನ್ಸ್ಡ್ ಕೆಮಿಕಲ್ ಡಿಪೆಂಡೆನ್ಸಿ ಕೌನ್ಸೆಲರ್) ಎನ್ನುತ್ತಾರೆ. ರಾಜ್ಯದ ಆರೋಗ್ಯ ಮತ್ತು ಮಾನವ ಸೇವೆಗಳ ಆಯೋಗವು ಅದನ್ನು ಕೊಡುತ್ತದೆ. ನಾಳೆ ನೀವು ಕ್ಯಾಲಿಫೋರ್ನಿಯಾಕ್ಕೋ ನ್ಯೂಯಾರ್ಕ್‌ಗೋ ಮನೆ ಬದಲಿಸಿದರೆ ಅಲ್ಲಿಯ ಲೆಕ್ಕ ಬೇರೆಯಾಗುತ್ತದೆ. ಆದ್ದರಿಂದ ಮುಂದಿನ ನಾಲ್ಕೈದು ವರ್ಷ ಎಲ್ಲಿರುತ್ತೇವೆ ಎಂಬುದನ್ನು ಮನೆಯವರೊಂದಿಗೆ ಕುಳಿತು ಮೊದಲೇ ನಿರ್ಧರಿಸುವುದು ಒಳ್ಳೆಯದು.

ಕಾಲೇಜಿನ ಬಾಗಿಲು ತಟ್ಟುವ ಮೊದಲು ನಿಮ್ಮ ವೀಸಾ ಯಾವುದೆಂದು ನೋಡಿಕೊಳ್ಳಿ. ನಮ್ಮವರು ಹೆಚ್ಚು ಪೆಟ್ಟು ತಿನ್ನುವುದು ಇಲ್ಲಿಯೇ. ಗ್ರೀನ್ ಕಾರ್ಡ್ ಅಥವಾ ಪೌರತ್ವ ಇದ್ದವರಿಗೆ ತೊಂದರೆಯಿಲ್ಲ. ಎಚ್-4ರಲ್ಲಿರುವವರು, ಅಂದರೆ ಎಚ್-1ಬಿ ಉದ್ಯೋಗಿಯ ಗಂಡ ಅಥವಾ ಹೆಂಡತಿ, ಓದಬಹುದು, ಆದರೆ ಕೆಲಸದ ಪರವಾನಗಿ ಕೈಗೆ ಬರುವವರೆಗೆ ದುಡಿಯುವಂತಿಲ್ಲ. ಆ ಪರವಾನಗಿ ಎಲ್ಲ ಎಚ್-4ದಾರರಿಗೂ ಸಿಗುವುದಿಲ್ಲ, ಮುಖ್ಯವಾಗಿ ಸಂಗಾತಿಯ ಐ-140 (ಗ್ರೀನ್ ಕಾರ್ಡಿಗಾಗಿ ಸಲ್ಲಿಸುವ ಅರ್ಜಿ) ಮಂಜೂರಾಗಿದ್ದರೆ ಸಿಗುತ್ತದೆ. ಎಚ್-1ಬಿ ಉದ್ಯೋಗ ವೀಸಾದಲ್ಲಿರುವ ಸಾಫ್ಟ್‌ವೇರ್ ಉದ್ಯೋಗಿ ಸಂಜೆ ತರಗತಿಗೆ ಹೋಗಬಹುದಾದರೂ, ತನ್ನನ್ನು ಕರೆಸಿಕೊಂಡ ಕಂಪನಿಯನ್ನು ಬಿಟ್ಟು ಬೇರೊಂದು ಚಿಕಿತ್ಸಾ ಕೇಂದ್ರದಲ್ಲಿ ದುಡಿದು ಲೈಸೆನ್ಸಿಗೆ ಬೇಕಾದ ಗಂಟೆಗಳನ್ನು ಸೇರಿಸಿಕೊಳ್ಳುವಂತಿಲ್ಲ. ಎಫ್-1 ವಿದ್ಯಾರ್ಥಿ ವೀಸಾದಲ್ಲಿ ಬಂದವರಿಗೆ ಓದು ಮುಗಿದ ಮೇಲೆ ಸಿಗುವುದು 12 ತಿಂಗಳ ಓಪಿಟಿ, ಅಂದರೆ ಓದಿದ ವಿಷಯದಲ್ಲಿ ದುಡಿಯುವ ಅನುಮತಿ. ತಂತ್ರಜ್ಞಾನ ಓದಿದವರಿಗೆ ಸಿಗುವ ಹೆಚ್ಚುವರಿ 24 ತಿಂಗಳು ಸಮಾಲೋಚನೆಯ ಕೋರ್ಸುಗಳಿಗೆ ಸಾಮಾನ್ಯವಾಗಿ ಇರುವುದಿಲ್ಲ. ಸಂಬಳವಿಲ್ಲದ ಕೆಲಸಕ್ಕೆ ಪರವಾನಗಿ ಬೇಡವೆಂದು ಯಾರಾದರೂ ಹೇಳಿದರೆ ನಂಬಿ ಕೂಡಬೇಡಿ, ವಲಸೆ ವಕೀಲರನ್ನು ಕೇಳಿ.

ವಕೀಲರ ಹತ್ತಿರ ಹೋದಾಗ ಇನ್ನೊಂದು ಸಂಗತಿಯನ್ನು ಮುಚ್ಚಿಡದೆ ಮಾತಾಡಿ. ವೀಸಾ ಅರ್ಜಿಯಲ್ಲಿ ಮಾದಕವಸ್ತು ವ್ಯಸನದ ಬಗ್ಗೆ ನೇರವಾದ ಪ್ರಶ್ನೆಯಿದೆ, ಗ್ರೀನ್ ಕಾರ್ಡಿನ ವೈದ್ಯಕೀಯ ತಪಾಸಣೆಯಲ್ಲಿಯೂ ವೈದ್ಯರು ಇದನ್ನು ವಿಚಾರಿಸುತ್ತಾರೆ. ಕುಡಿದು ವಾಹನ ಓಡಿಸಿ ಬಂಧನವಾದರೆ ವೀಸಾ ರದ್ದಾಗುವ ಸಾಧ್ಯತೆಯೂ ಇದೆ. ಸುಳ್ಳು ಹೇಳಬಾರದು, ಹಾಗೆಂದು ಅರ್ಜಿ ಇತ್ಯರ್ಥವಾಗುವ ಮೊದಲೇ ಕನ್ನಡ ಸಂಘದ ವೇದಿಕೆಯ ಮೇಲೆ ನಿಂತು ನಿಮ್ಮ ಕಥೆಯನ್ನೆಲ್ಲ ಹೇಳಿಕೊಳ್ಳುವ ಅಗತ್ಯವೂ ಇಲ್ಲ.

ಇನ್ನು ಊರಿನ ಕಾಗದಪತ್ರ. ಬೆಳಗಾವಿಯ ರಾಣಿ ಚನ್ನಮ್ಮ ವಿಶ್ವವಿದ್ಯಾಲಯ ಆರಂಭವಾಗಿದ್ದು 2010ರಲ್ಲಿ. ಅದಕ್ಕೂ ಮೊದಲು ನಮ್ಮ ಮೂರೂ ಜಿಲ್ಲೆಗಳ ಕಾಲೇಜುಗಳಲ್ಲಿ ಬಿಎ, ಬಿಕಾಂ, ಬಿಎಸ್ಸಿ ಮುಗಿಸಿದವರ ದಾಖಲೆಗಳು ಬಹುಪಾಲು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿವೆ. ವಿಜಯಪುರದ ಮಹಿಳಾ ವಿಶ್ವವಿದ್ಯಾಲಯ 2003ರದ್ದು. ಅದರ ವ್ಯಾಪ್ತಿಯ ಕಾಲೇಜುಗಳಲ್ಲಿ ಓದಿದ ಅಕ್ಕತಂಗಿಯರು ಅಲ್ಲಿ ವಿಚಾರಿಸಬೇಕು. ಎಂಜಿನಿಯರಿಂಗ್ ಓದಿದವರಿಗೆ ಬೆಳಗಾವಿಯ ವಿಟಿಯು, ಆದರೆ 1998ಕ್ಕೂ ಮೊದಲು ಸೇರಿದವರು ತಮ್ಮ ಪದವಿ ಪತ್ರದ ಮೇಲೆ ಯಾವ ವಿಶ್ವವಿದ್ಯಾಲಯದ ಹೆಸರಿದೆಯೆಂದು ನೋಡಿಕೊಳ್ಳಬೇಕು. ನನ್ನ ಗೆಳೆಯ ಇದನ್ನು ನೋಡದೆ ಎರಡು ತಿಂಗಳು ಬೇರೆ ಕಚೇರಿಗೆ ಪತ್ರ ಬರೆಯುತ್ತ ಕುಳಿತಿದ್ದ. ಮನೆಯ ಟ್ರಂಕಿನಲ್ಲಿರುವ ಮಾರ್ಕ್ಸ್ ಕಾರ್ಡಿನ ಜೆರಾಕ್ಸ್ ಸಾಕಾಗುವುದಿಲ್ಲ. ವಿಶ್ವವಿದ್ಯಾಲಯದಿಂದ ಟ್ರಾನ್ಸ್‌ಕ್ರಿಪ್ಟ್ ಪಡೆದು, ಅಮೆರಿಕದಲ್ಲಿ ಮಾನ್ಯತೆಯುಳ್ಳ ಮೌಲ್ಯಮಾಪನ ಸಂಸ್ಥೆಯೊಂದರಿಂದ ಪ್ರತಿ ವಿಷಯವನ್ನೂ ಅಲ್ಲಿಯ ಕ್ರೆಡಿಟ್‌ಗೆ ಹೋಲಿಸಿದ ವರದಿ ಮಾಡಿಸಬೇಕು. ಟ್ರಾನ್ಸ್‌ಕ್ರಿಪ್ಟ್ ಇಟ್ಟು ಕೊಡುವ ಲಕೋಟೆಯನ್ನು ಅಂಟಿಸಿದ ಜಾಗದ ಮೇಲೆ ವಿಶ್ವವಿದ್ಯಾಲಯದ ಮೊಹರು ಬಿದ್ದಿರುತ್ತದೆ. ಪ್ರೀತಿಯಿಂದಲೇ ಆಗಲಿ, ಒಳಗೇನಿದೆ ನೋಡೋಣವೆಂದು ಮನೆಯವರು ಅದನ್ನು ಒಡೆದರೆ ಎಲ್ಲವೂ ಮತ್ತೆ ಮೊದಲಿನಿಂದ. ಮದುವೆಯ ನಂತರ ಹೆಸರು ಬದಲಾದವರು ಮತ್ತು ಪಾಸ್‌ಪೋರ್ಟಿನಲ್ಲಿ ಅಡ್ಡಹೆಸರು ಬೇರೆ ರೀತಿ ಬರೆಸಿದವರು ಅದರ ದಾಖಲೆಯನ್ನೂ ಜೊತೆಗೆ ಇಟ್ಟುಕೊಳ್ಳಬೇಕು.

ಟೆಕ್ಸಾಸ್ ಕೇಳುವ ಓದು ಹೀಗಿದೆ. ಮನುಷ್ಯನ ನಡವಳಿಕೆ ಮತ್ತು ಸೇವೆಗೆ ಸಂಬಂಧಿಸಿದ ವಿಷಯದಲ್ಲಿ ಕನಿಷ್ಠ ಎರಡು ವರ್ಷದ ಅಸೋಸಿಯೇಟ್ ಪದವಿ, ವ್ಯಸನ ಸಮಾಲೋಚನೆಯಲ್ಲಿ 270 ಗಂಟೆಗಳ ತರಗತಿ, ನಂತರ ಚಿಕಿತ್ಸಾ ಕೇಂದ್ರವೊಂದರಲ್ಲಿ 300 ಗಂಟೆಗಳ ಪ್ರಾಕ್ಟಿಕಮ್, ಅಂದರೆ ಪ್ರಾಯೋಗಿಕ ತರಬೇತಿ. ಮನಃಶಾಸ್ತ್ರ, ಸಮಾಜಕಾರ್ಯ ಓದಿದವರಿಗೆ ಮೊದಲನೆಯದು ಊರಿನ ಪದವಿಯಿಂದಲೇ ಪೂರೈಸಬಹುದು. ಬಿಇ ಅಥವಾ ಬಿಕಾಂ ಆದವರು ಹೆಚ್ಚುವರಿ ವಿಷಯಗಳನ್ನು ಓದಬೇಕಾಗಬಹುದು, ಅದನ್ನು ಲೈಸೆನ್ಸ್ ಕಚೇರಿಗೆ ಬರೆದು ಕೇಳಿ, ಉತ್ತರವನ್ನು ಜೋಪಾನವಾಗಿ ಇಟ್ಟುಕೊಳ್ಳಿ. ಸಮುದಾಯ ಕಾಲೇಜುಗಳಲ್ಲಿ ಈ ಕೋರ್ಸುಗಳು ಸಿಗುತ್ತವೆ. ಅಲ್ಲಿ ವಯಸ್ಸು ಯಾರೂ ಕೇಳುವುದಿಲ್ಲ. ನಲವತ್ತೈದರಲ್ಲಿ ಹೋದ ನನ್ನ ಪಕ್ಕದ ಬೆಂಚಿನಲ್ಲಿ ಅರವತ್ತು ದಾಟಿದ ನಿವೃತ್ತ ಲಾರಿ ಚಾಲಕರೊಬ್ಬರು ಕುಳಿತಿದ್ದರು, ಹದಿನೆಂಟು ವರ್ಷಗಳಿಂದ ಕುಡಿಯದವರು. ಅಲ್ಲಿಯ ಓದಿನಲ್ಲಿ ರೋಗನಿರ್ಣಯದ ಕೈಪಿಡಿಯಾದ ಡಿಎಸ್‌ಎಂ-5 ವ್ಯಸನಕ್ಕೆ ಹೇಳುವ 11 ಲಕ್ಷಣಗಳಿರುತ್ತವೆ: ಎರಡು ಮೂರಿದ್ದರೆ ಸೌಮ್ಯ, ನಾಲ್ಕೈದಿದ್ದರೆ ಮಧ್ಯಮ, ಆರು ಅಥವಾ ಹೆಚ್ಚಿದ್ದರೆ ತೀವ್ರ. ಆ ಪಟ್ಟಿಯನ್ನು ಓದುವಾಗ ನಿಮ್ಮದೇ ಹಳೆಯ ದಿನಗಳು ಕಣ್ಣೆದುರು ಬರುತ್ತವೆ. ಅಂಥ ರಾತ್ರಿ ನಿಮ್ಮ ಸ್ಪಾನ್ಸರ್‌ಗೆ, ಅಂದರೆ ಚೇತರಿಕೆಯಲ್ಲಿ ನಿಮ್ಮ ಕೈಹಿಡಿದು ನಡೆಸುವ ಹಿರಿಯ ಸದಸ್ಯರಿಗೆ, ಫೋನ್ ಮಾಡಿ, ಕುಡಿತ ಬಿಟ್ಟವರ ಸಭೆಗೆ ಹೋಗಿ. ಓದಿನ ಒತ್ತಡದಲ್ಲಿ ಸಭೆಗಳನ್ನು ಬಿಟ್ಟವರು ಮತ್ತೆ ಬಾಟಲಿ ಹಿಡಿದದ್ದನ್ನು ನಾನು ಕಂಡಿದ್ದೇನೆ.

ಹಣದ ವಿಷಯದಲ್ಲಿ, ಗ್ರೀನ್ ಕಾರ್ಡ್ ಇದ್ದರೆ ಸಾಕು, ಮರಳಿ ಕಟ್ಟಬೇಕಿಲ್ಲದ ನೆರವು ಸಿಗುತ್ತದೆಂಬ ತಪ್ಪು ತಿಳಿವಳಿಕೆ ಇದೆ. ಗ್ರೀನ್ ಕಾರ್ಡ್ ಇದ್ದವರು ಫಾಫ್ಸಾ ಎಂಬ ಶಿಕ್ಷಣ ನೆರವಿನ ಅರ್ಜಿಯ ಮೂಲಕ ಅಮೆರಿಕದ ಕೇಂದ್ರ ಸರ್ಕಾರದ ನೆರವನ್ನು ಕೇಳಬಹುದು, ಎಚ್-4 ಮತ್ತು ಎಫ್-1ದವರು ಕೇಳುವಂತಿಲ್ಲ. ಆದರೆ ಮರಳಿ ಕಟ್ಟಬೇಕಿಲ್ಲದ ಪೆಲ್ ಗ್ರಾಂಟ್ (2024-25ರಲ್ಲಿ ಗರಿಷ್ಠ 7,395 ಡಾಲರ್) ಮೊದಲ ಪದವಿ ಪಡೆಯದವರಿಗೆ ಮಾತ್ರ. ಊರಿನಲ್ಲಿ ಪಡೆದ ಪದವಿಯೂ ಲೆಕ್ಕಕ್ಕೆ ಬರುತ್ತದೆ. ಹೀಗಾಗಿ ಪದವೀಧರರಿಗೆ ಉಳಿಯುವುದು ಮುಖ್ಯವಾಗಿ ಸಾಲ. ಮಾದಕವಸ್ತು ಪ್ರಕರಣದಲ್ಲಿ ಶಿಕ್ಷೆಯಾದವರಿಗೆ ಈ ನೆರವನ್ನು ತಡೆಯುತ್ತಿದ್ದ ಹಳೆಯ ನಿಯಮ ಈಗಿಲ್ಲ.

ಹಿಂದೆ ಡಿಡಬ್ಲ್ಯುಐ (ಕುಡಿದು ವಾಹನ ಓಡಿಸಿದ) ಅಥವಾ ಬೇರೆ ಪ್ರಕರಣವಿದ್ದರೆ, ಶುಲ್ಕ ಕಟ್ಟುವ ಮೊದಲೇ ಟೆಕ್ಸಾಸ್ ಲೈಸೆನ್ಸ್ ಕಚೇರಿಗೆ ಕ್ರಿಮಿನಲ್ ಹಿನ್ನೆಲೆಯ ಮೌಲ್ಯಮಾಪನ ಪತ್ರಕ್ಕಾಗಿ ಅರ್ಜಿ ಹಾಕಿ. ಈ ಹಿನ್ನೆಲೆಯಿದ್ದರೆ ಲೈಸೆನ್ಸ್ ಸಿಗಬಹುದೇ ಎಂದು ಅವರು ಮೊದಲೇ ತಿಳಿಸುತ್ತಾರೆ. ಎರಡು ವರ್ಷ ಓದಿದ ಮೇಲೆ ಬೆರಳಚ್ಚಿನ ತಪಾಸಣೆಯಲ್ಲಿ ಸಿಕ್ಕಿ ಬಾಗಿಲು ಮುಚ್ಚುವುದಕ್ಕಿಂತ ಇದು ಎಷ್ಟೋ ಮೇಲು.

ಪ್ರಾಕ್ಟಿಕಮ್ ಮುಗಿದ ಮೇಲೆ ಸಮಾಲೋಚಕ ಇಂಟರ್ನ್ ಎಂದು ನೋಂದಾಯಿಸಿಕೊಂಡು, ಅರ್ಹ ಹಿರಿಯರ ಮೇಲ್ವಿಚಾರಣೆಯಲ್ಲಿ 4,000 ಗಂಟೆ ದುಡಿಯಬೇಕು ಮತ್ತು ಲಿಖಿತ ಪರೀಕ್ಷೆ ಪಾಸಾಗಬೇಕು. ವಾರಕ್ಕೆ 40 ಗಂಟೆಯಂತೆ ಇದು 100 ವಾರ, ಅಂದರೆ ಸುಮಾರು ಎರಡು ವರ್ಷ. ಎಫ್-1ದವರ 12 ತಿಂಗಳು ಇದಕ್ಕೆ ಏಕೆ ಸಾಲದೆಂಬುದು ಈಗ ಸ್ಪಷ್ಟವಾಗಿರಬೇಕು. ಮೇಲ್ವಿಚಾರಕರ ಸಹಿಯನ್ನು ತಿಂಗಳು ತಿಂಗಳಿಗೂ ಹಾಕಿಸಿಕೊಳ್ಳಿ. ಅವರು ಕೆಲಸ ಬಿಟ್ಟು ಹೋದರೆ ಹಳೆಯ ಗಂಟೆಗಳಿಗೆ ಸಹಿ ಹಾಕಿಸುವುದು ದೊಡ್ಡ ಪರದಾಟ.

ನಮ್ಮ ಇಳಕಲ್ಲಿನ ಮಠದ ಸ್ವಾಮೀಜಿ ಮಹಾಂತ ಅಪ್ಪಗಳು ಜೋಳಿಗೆ ಹಿಡಿದು ಊರೂರು ತಿರುಗಿ, ಕಾಣಿಕೆಯ ಬದಲು ಜನರ ದುಶ್ಚಟಗಳನ್ನು ಭಿಕ್ಷೆಯಾಗಿ ಬೇಡಿದವರು. ಅವರ ಜನ್ಮದಿನವಾದ ಆಗಸ್ಟ್ 1ನ್ನು ಕರ್ನಾಟಕ ಸರ್ಕಾರ ವ್ಯಸನಮುಕ್ತ ದಿನವಾಗಿ ಆಚರಿಸುತ್ತದೆ. ಆ ಜೋಳಿಗೆಯ ಮುಂದೆ ಪ್ರಮಾಣ ಮಾಡಿದವರ ಮನೆಗಳಲ್ಲಿ ಬೆಳೆದ ನಮಗೆ, ಎದುರಿಗೆ ಕುಳಿತವನಿಂದ ಮಾತು ತೆಗೆದುಕೊಂಡುಬಿಡಬೇಕೆಂಬ ಆತುರ ಸಹಜ. ಅಮೆರಿಕದ ತರಬೇತಿ ಬೇರೆಯದನ್ನು ಕಲಿಸುತ್ತದೆ: ಬಿಡುವ ಕಾರಣ ಅವನ ಬಾಯಿಂದಲೇ ಬರುವವರೆಗೆ ಕಾಯಬೇಕು, ನಿಮ್ಮ ಸ್ವಂತ ಕಥೆಯನ್ನು ಅವನಿಗೆ ಉಪಯೋಗವಿದ್ದಾಗ ಮಾತ್ರ ಹೇಳಬೇಕು. ಸ್ಪಾನ್ಸರ್ ಆಗಿದ್ದವರಿಗೆ ಇದು ಕಷ್ಟ, ನನಗೂ ಕಷ್ಟವಾಯಿತು. ವ್ಯಸನ ಚಿಕಿತ್ಸೆಯ ದಾಖಲೆಗಳಿಗೆ ಅಲ್ಲಿ ವಿಶೇಷವಾದ ಕೇಂದ್ರ ಕಾನೂನಿನ ರಕ್ಷಣೆಯಿದೆ. ಕೆಲವೇ ವಿನಾಯಿತಿಗಳನ್ನು ಬಿಟ್ಟರೆ, ಒಬ್ಬ ವ್ಯಕ್ತಿ ಚಿಕಿತ್ಸೆಗೆ ಬಂದಿದ್ದಾನೆ ಎಂಬುದನ್ನೂ ಅವನ ಲಿಖಿತ ಒಪ್ಪಿಗೆಯಿಲ್ಲದೆ ಹೇಳುವಂತಿಲ್ಲ. ಯುಗಾದಿ ಊಟಕ್ಕೆ ಎಲ್ಲರೂ ಸೇರುವ ನಮ್ಮ ಸಣ್ಣ ಸಮಾಜದಲ್ಲಿ ಇದನ್ನು ಪಾಲಿಸುವುದೆಂದರೆ, ನಿಮ್ಮಲ್ಲಿಗೆ ಬಂದವರು ಪಂಕ್ತಿಯಲ್ಲಿ ಎದುರಾದರೂ ಅವರಾಗಿ ಮಾತಾಡಿಸುವವರೆಗೆ ಪರಿಚಯ ತೋರಿಸದಿರುವುದು.

ಒಮ್ಮೆ ನನ್ನ ಇಂಟರ್ನ್‌ಶಿಪ್ಪಿನಲ್ಲಿ ಕುಟುಂಬದ ಸಭೆಗೆಂದು ಜಮಖಂಡಿ ಕಡೆಯ ತಾಯಿಯೊಬ್ಬರು ಬಂದಿದ್ದರು. ಕೇಂದ್ರದವರು ಹಿಂದಿ ದುಭಾಷಿಯನ್ನು ಕರೆಸಿದ್ದರು. ಆ ತಾಯಿಗೆ ಹಿಂದಿ ಅಷ್ಟಕ್ಕಷ್ಟೇ. ದುಭಾಷಿ 'ಬೀಮಾರಿ' ಎಂದಾಗಲೆಲ್ಲ ಅವರು ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದರು. ಕೊನೆಗೆ ನನ್ನತ್ತ ತಿರುಗಿ, "ರೋಗ ಆದ್ರ ಗುಳಿಗಿ ಕೊಡ್ರಿ, ಚಟಾ ಆದ್ರ ನಾ ಬೈತೀನಿ. ಯಾವ್ದು ಅಂತ ನೀವರ ಹೇಳ್ರಿ" ಎಂದರು. ಮೇಲ್ವಿಚಾರಕರ ಒಪ್ಪಿಗೆ ಪಡೆದು ಮುಂದಿನ ಮುಕ್ಕಾಲು ಗಂಟೆ ನಾವು ಕನ್ನಡದಲ್ಲಿಯೇ ಮಾತಾಡಿದೆವು. ಮಗ ಮೊದಲ ಬಾರಿಗೆ ತಲೆಯೆತ್ತಿ ತಾಯಿಯನ್ನು ನೋಡಿದ. ಕೆಲಸದ ಅರ್ಜಿಯಲ್ಲಿ ಭಾಷೆಗಳನ್ನು ಕೇಳುವ ಕಡೆ, ಅಮೆರಿಕದಲ್ಲಿ ಇದಕ್ಕೇನು ಉಪಯೋಗವೆಂದು ಬಿಟ್ಟುಬಿಡದೆ, ಕನ್ನಡವೆಂದು ಮೊದಲು ಬರೆಯಿರಿ.