ಗೇಮ್ ಮಾಡುವ ಆಸೆಯೇ? ಮೊದಲು ಚೆನ್ನೆಮಣೆ ಇಳಿಸು

ದೊಡ್ಡ ಲ್ಯಾಪ್‌ಟಾಪ್ ಬೇಕು ಅಂತ ಈಗಲೇ ಅಪ್ಪನ ತಲೆ ತಿನ್ನಬೇಡ. ನಾನು ಬೆಂಗಳೂರಿನ ಗೇಮ್ ಸ್ಟುಡಿಯೋದಲ್ಲಿ ಲೆವೆಲ್ ಡಿಸೈನ್, ಅಂದರೆ ಆಟದ ಹಂತಗಳನ್ನು ರೂಪಿಸುವ ಕೆಲಸ, ಮಾಡುವವಳು. ರಜೆಯಲ್ಲಿ ಕಾಸರಗೋಡಿನ ಬದಿಯಡ್ಕಕ್ಕೆ ಬಂದರೆ ಹೈಸ್ಕೂಲು ಮಕ್ಕಳು ಕೇಳುವುದು ಲ್ಯಾಪ್‌ಟಾಪಿನ ವಿಷಯವನ್ನೇ. ಅದು ಆಮೇಲಿನ ಮಾತು.

ಅಟ್ಟದಲ್ಲಿ ಚೆನ್ನೆಮಣೆ ಇದ್ದರೆ ಇಳಿಸು. ಎರಡು ಸಾಲು, ಸಾಲಿಗೆ 7 ಗುಳಿ, ಗುಳಿಗೆ 4 ಕಾಯಿ, ಒಟ್ಟು 56. ಅಜ್ಜಿಯ ಜೊತೆ ನಾಲ್ಕಾರು ಆಟ ಆಡು. ಮರುದಿನ ಗುಳಿಗೆ ಮೂರೇ ಕಾಯಿ ಹಾಕು. ಆಟ ಬೇಗ ಮುಗಿಯಿತಾ? ಮೊದಲು ಆಡಿದವರೇ ಗೆಲ್ಲುತ್ತಾರಾ? ಅಜ್ಜಿಗೆ ಬೇಜಾರು ಬಂತಾ? ನೋಟ್‌ಬುಕ್ಕಿನಲ್ಲಿ ಬರೆದಿಡು. ಎರಡು ನಿಯಮ ಒಟ್ಟಿಗೆ ಬದಲಿಸಬೇಡ, ಯಾವುದರಿಂದ ಏನಾಯಿತು ಅಂತ ಗೊತ್ತಾಗುವುದಿಲ್ಲ. ಸ್ಟುಡಿಯೋದಲ್ಲಿ ನಮಗೆ ಸಂಬಳ ಕೊಡುವುದೂ ಇಂಥ ಕೆಲಸಕ್ಕೇ. ಗೇಮ್ ಚೆನ್ನಾಗಿ ಆಡುವುದಕ್ಕಲ್ಲ.

ಎಂಟನೇ ಕ್ಲಾಸಿನಲ್ಲಿದ್ದರೆ ಲಿಟಲ್ ಕೈಟ್ಸ್ ಆಯ್ಕೆ ಪರೀಕ್ಷೆ ಬರೆ. ಅದು ಮಕ್ಕಳ ಐಟಿ ಕ್ಲಬ್, 2018ರಿಂದ ಕೇರಳದ ಹೈಸ್ಕೂಲುಗಳಲ್ಲಿದೆ. ಸ್ಕ್ರ್ಯಾಚ್ (ಬ್ಲಾಕ್ ಜೋಡಿಸಿ ಪ್ರೋಗ್ರಾಂ ಮಾಡುವುದು), ಅನಿಮೇಷನ್ ಎಲ್ಲ ಅಲ್ಲೇ ಸಿಗುತ್ತದೆ, ದುಡ್ಡು ಕೊಡಬೇಕಾಗಿಲ್ಲ.

ಸ್ಕ್ರ್ಯಾಚ್ ಕೈಗೆ ಹತ್ತಿದ ಮೇಲೆ ಗೇಮ್ ಕಟ್ಟುವ ಸಾಫ್ಟ್‌ವೇರ್ ಗೊಡೊ ಹಾಕಿಕೋ. ಪೂರ್ತಿ ಉಚಿತ, ಲಿನಕ್ಸಿನಲ್ಲೂ ಓಡುತ್ತದೆ. ಅದರಲ್ಲಿ ಕೋಡ್ ಬರೆಯುವ ಭಾಷೆ ಜಿಡಿಸ್ಕ್ರಿಪ್ಟ್ ಹೆಚ್ಚುಕಮ್ಮಿ ಪೈಥಾನ್ ಥರವೇ. ಲ್ಯಾಪ್‌ಟಾಪ್ ಹಳೆಯದಾದರೆ ಹೊಸ ಪ್ರಾಜೆಕ್ಟ್ ತೆರೆಯುವಾಗ ರೆಂಡರರ್ (ಪರದೆಯಲ್ಲಿ ಚಿತ್ರ ಮೂಡಿಸುವ ಭಾಗ) ಜಾಗದಲ್ಲಿ ‘ಕಂಪ್ಯಾಟಿಬಿಲಿಟಿ’ ಆರಿಸು. 2ಡಿ ಆಟಕ್ಕೆ ಅಷ್ಟು ಸಾಕು.

ಮೊದಲ ಗೇಮ್ ಒಂದೇ ಪರದೆಯದ್ದಾಗಿರಲಿ. ನೂರು ಜನ ಆನ್‌ಲೈನಿನಲ್ಲಿ ಹೊಡೆದಾಡುವ ಕನಸು ಸದ್ಯಕ್ಕೆ ಬೇಡ. ಅಡಿಕೆ ಕೊಯ್ಯುವವರು ಮರದ ತುದಿಯನ್ನು ತೂಗಿ ತೂಗಿ ಪಕ್ಕದ ಮರ ಹಿಡಿಯುವುದನ್ನು ನೋಡಿದ್ದೀಯಲ್ಲ? ಅದನ್ನೇ ಮಾಡು. ಮರ ತೂಗುತ್ತದೆ, ಬಟನ್ ಒತ್ತಿದರೆ ದಾಟುತ್ತಾನೆ, ತಪ್ಪಿದರೆ ಕೆಳಗೆ. ಕಷ್ಟ ಇರುವುದು ಆ ಒತ್ತುವ ಕ್ಷಣದಲ್ಲಿ. ಸ್ವಲ್ಪ ಮೊದಲೇ ಒತ್ತಿದವನು ಬಿದ್ದರೆ ‘ನಾನು ಒತ್ತಿದ್ದೆ!’ ಅಂತ ಸಿಟ್ಟಾಗುತ್ತಾನೆ. ಆ ಒತ್ತನ್ನು ಒಂದು 0.1 ಸೆಕೆಂಡು ನೆನಪಿಟ್ಟು, ಮರ ಹತ್ತಿರ ಬಂದ ಕೂಡಲೇ ದಾಟಿಸಿಬಿಡು. ಇದು ಇನ್‌ಪುಟ್ ಬಫರ್. ಓಡುವ, ಹಾರುವ ಆಟಗಳಲ್ಲಿ ಅಂಚು ದಾಟಿದ ಮೇಲೂ ಚೂರು ಹೊತ್ತು ಹಾರಲು ಬಿಡುತ್ತಾರೆ, ಅದು ಕೊಯೋಟಿ ಟೈಮ್. ಆಡುವವನಿಗೆ ಈ ರಿಯಾಯಿತಿ ಗೊತ್ತೇ ಆಗಬಾರದು. 0.3 ಮಾಡಿ ನೋಡು, ಆಟ ಸಪ್ಪೆಯಾಗುತ್ತದೆ.

ಆಮೇಲೆ ತಮ್ಮನ ಕೈಗೆ ಕೊಟ್ಟು ಬಾಯಿ ಮುಚ್ಚಿ ಕೂರು. ‘ಅಲ್ಲಿ ಒತ್ತು ಮಾರಾಯ’ ಅನ್ನಬೇಡ. ಅವನು ಎಲ್ಲಿ ತಡವರಿಸುತ್ತಾನೋ ಅಲ್ಲಿ ನಿನಗೆ ಕೆಲಸ ಇದೆ. ಸರಿ ಅನ್ನಿಸಿದ ಮೇಲೆ, ಮನೆಯಲ್ಲಿ ಹೇಳಿಯೇ, ಗೇಮ್ ಹಂಚಿಕೊಳ್ಳುವ ಸೈಟ್ ಇಚ್.ಐಒದಲ್ಲಿ ಅಕೌಂಟ್ ಮಾಡಿ ಗೇಮ್ ಹಾಕು. ಅಲ್ಲಿ ಗೇಮ್ ಜಾಮ್‌ಗಳೂ ನಡೆಯುತ್ತಿರುತ್ತವೆ. ಕೆಲವೇ ದಿನದಲ್ಲಿ ಒಂದು ಗೇಮ್ ಮುಗಿಸುವ ಸ್ಪರ್ಧೆ ಅದು. ಒಮ್ಮೆಯಾದರೂ ಸೇರು. ಅರ್ಧ ಮಾಡಿದ ಹತ್ತು ಗೇಮಿಗಿಂತ ಮುಗಿಸಿದ ಒಂದನ್ನು ನಾವು ಇಂಟರ್‌ವ್ಯೂನಲ್ಲಿ ಜಾಸ್ತಿ ನೋಡುತ್ತೇವೆ.

ಪ್ಲಸ್ ಟೂಗೆ ಸಯನ್ಸೇ ಆಗಬೇಕೆಂದಿಲ್ಲ. ಕೋಡಿಂಗ್ ಕಡೆ ಹೋಗುವುದಾದರೆ ಮಾತ್ರ ಗಣಿತ ಬಿಡಬೇಡ. ಯುಸೀಡ್ ಅನ್ನುವ ಪ್ರವೇಶ ಪರೀಕ್ಷೆ ಬರೆದು ಐಐಟಿ ಬಾಂಬೆಯ ಡಿಸೈನ್ ಡಿಗ್ರಿ ಬಿ.ಡಿಸ್‌ಗೆ ಆರ್ಟ್ಸ್, ಕಾಮರ್ಸ್ ಮಕ್ಕಳೂ ಹೋಗಬಹುದು. ಡಿಗ್ರಿ ಆದ ಮೇಲೆ ಬೆಂಗಳೂರಿನ ಎನ್‌ಐಡಿಯಲ್ಲಿ (ರಾಷ್ಟ್ರೀಯ ವಿನ್ಯಾಸ ಸಂಸ್ಥೆ) ಡಿಜಿಟಲ್ ಗೇಮ್ ಡಿಸೈನಿಗೇ ಎಂ.ಡಿಸ್ ಇದೆ. ‘ಕೆಲಸ ಗ್ಯಾರಂಟಿ’ ಅನ್ನುವ ಖಾಸಗಿ ಕೋರ್ಸಿಗೆ ಲಕ್ಷಗಟ್ಟಲೆ ಕಟ್ಟುವ ಮೊದಲು, ಅಲ್ಲಿ ಕಲಿತವರು ಮಾಡಿದ ಗೇಮ್ ತೋರಿಸಿ ಅಂತ ಕೇಳು. ತೋರಿಸಿದರೆ ಕೂತು ಆಡು. ತೋರಿಸದಿದ್ದರೆ ವಾಪಸ್ ಬಸ್ ಹತ್ತು.