ವೀರಗಲ್ಲಿನ ಮೂರು ಅಂಕಣದಲ್ಲಿ ನಮ್ಮೂರು: ಮನೆಯಲ್ಲೇ ಲೈನೋ ಅಚ್ಚು

ಕೊಡಗಿನ ಚಿತ್ರ ಅಂದರೆ ಕಾಫಿ ಹಣ್ಣು, ಆನೆ, ಜಲಪಾತ ಅಷ್ಟೇನಾ? ಅಂಗಡಿ ಕಾರ್ಡುಗಳಲ್ಲಿ ಅದನ್ನೇ ನೋಡಿ ನೋಡಿ ನನಗಂತೂ ಸಾಕಾಗಿದೆ. ವೀರಗಲ್ಲು, ನಾಗರಕಲ್ಲು, ಅಯ್ಯಪ್ಪನ ದೇವರಕಾಡಿನಲ್ಲಿ ಹರಕೆಗೆ ಇಟ್ಟ ಮಣ್ಣಿನ ನಾಯಿಗಳು, ಇವೆಲ್ಲ ಲೈನೋ ಅಚ್ಚಿಗೆ, ಅಂದರೆ ಲಿನೋಲಿಯಂ ಹಾಳೆಯಲ್ಲಿ ಚಿತ್ರ ಕೆತ್ತಿ ಇಂಕು ಹಚ್ಚಿ ಕಾಗದಕ್ಕೆ ಒತ್ತುವ ಕಲೆಗೆ, ಎಷ್ಟು ಚೆನ್ನಾಗಿ ಒಗ್ಗುತ್ತವೆ ಗೊತ್ತಾ? ಗೆರೆ ಕಡಿಮೆ, ಆಕಾರ ಗಟ್ಟಿ.

ನಾನು ಶುರು ಮಾಡುವುದು ವೀರಗಲ್ಲಿನಿಂದ. ಸಾಮಾನ್ಯವಾಗಿ ಅದರಲ್ಲಿ ಮೂರು ಅಂಕಣ. ಕೆಳಗೆ ಕಾಳಗ, ನಡುವೆ ಸತ್ತ ವೀರನನ್ನು ಅಪ್ಸರೆಯರು ಕರೆದೊಯ್ಯುವುದು, ಮೇಲೆ ಲಿಂಗದ ಮುಂದೆ ಅವನು. ತುದಿಯಲ್ಲಿ ಸೂರ್ಯ ಚಂದ್ರ. ಈಗ ನಮ್ಮ ಜಮೀನು ನೋಡಿ. ತಗ್ಗಿನಲ್ಲಿ ಗದ್ದೆ, ಅದರ ಮೇಲೆ ತೋಟವೂ ಬಾಣೆಯೂ (ಗದ್ದೆಗೆ ಸೇರಿದ ಮರಗಿಡದ ಎತ್ತರದ ಜಾಗ) ಒಟ್ಟಿಗೆ, ಅದಕ್ಕೂ ಮೇಲೆ ಬೆಟ್ಟ. ಇಲ್ಲೂ ಮೂರೇ ಅಂಕಣ! ಕಲ್ಲಿನ ಚೌಕಟ್ಟು ಇಟ್ಟುಕೊಂಡು ಒಳಗೆ ನಿಮ್ಮ ಊರನ್ನು ಕೂರಿಸಿ. ವೀರನನ್ನೇ ನಕಲು ಮಾಡಬೇಕಾಗಿಲ್ಲ.

ಕಲ್ಲನ್ನು ಬೆಳಿಗ್ಗೆ ಬೇಗ ಅಥವಾ ಸಂಜೆ ನೋಡಿ. ಓರೆ ಬಿಸಿಲಿಗೆ ಸವೆದ ಗೆರೆಯೂ ಎದ್ದು ಕಾಣುತ್ತದೆ. ಸುಣ್ಣದಕಡ್ಡಿ ಬಳಿಯುವುದು, ಎಣ್ಣೆ ಹಚ್ಚುವುದು, ಪಾಚಿ ಕೆರೆಯುವುದು ಬೇಡವೇ ಬೇಡ. ದೇವರಕಾಡಾದರೆ ಊರಿನವರನ್ನು ಕೇಳಿಯೇ ಒಳಗೆ ಹೋಗಿ.

ಲೈನೋ ಹಾಳೆಯನ್ನು ಚಿತ್ರಕಲೆಯ ಸಾಮಾನು ಮಾರುವ ಅಂಗಡಿಯಲ್ಲಿ ಕೇಳಿ. ನೆಲಕ್ಕೆ ಹಾಸುವ ಪ್ಲಾಸ್ಟಿಕ್ ಶೀಟನ್ನೂ ಕೆಲವರು ಲಿನೋಲಿಯಂ ಅಂತಲೇ ಮಾರುತ್ತಾರೆ, ಅದು ಆಗುವುದಿಲ್ಲ. ನಿಜವಾದದ್ದು ಅಗಸೆ ಎಣ್ಣೆ, ಕಾರ್ಕ್ ಪುಡಿ ಸೇರಿಸಿ ಮಾಡಿದ್ದು, ಹಿಂಬದಿ ಸೆಣಬಿನ ಬಟ್ಟೆ ಇರುತ್ತದೆ. ಜೊತೆಗೆ ವಿ ಆಕಾರದ ಉಳಿ ಒಂದು, ಯು ಆಕಾರದ್ದು ಒಂದು, ರಬ್ಬರ್ ರೋಲರ್, ಎಣ್ಣೆ ಬೆರೆತ ಕಪ್ಪು ಇಂಕು, ತೆಳು ಹ್ಯಾಂಡ್‌ಮೇಡ್ ಪೇಪರ್. ಪ್ರೆಸ್ ಬೇಡ, ಸ್ಟೀಲ್ ಚಮಚ ಸಾಕು.

ತೆಳು ಕಾಗದದಲ್ಲಿ ಮೆತ್ತನೆ ಪೆನ್ಸಿಲಿನಿಂದ ಚಿತ್ರ ಬಿಡಿಸಿ. ಅದನ್ನು ಲೈನೋ ಹಾಳೆಯ ಮೇಲೆ ಬೋರಲು ಹಾಕಿ ಉಜ್ಜಿ. ಚಿತ್ರ ತಿರುಗುಮುರುಗಾಗಿ ಇಳಿಯುತ್ತದೆ, ಒತ್ತಿದಾಗ ಸರಿಯಾಗಿ ಬರುತ್ತದೆ. ಎಡಗಡೆ ಬರೆದ ಸೂರ್ಯ ಎಡಗಡೆಯೇ ಇರುತ್ತಾನೆ.

ಚಳಿಗಾಲದ ಬೆಳಿಗ್ಗೆ ಲೈನೋ ಗಟ್ಟಿಯಾಗಿ ಉಳಿ ಜಾರುತ್ತದೆ. ಕಾಫಿ ಒಣಗಿಸುವ ಕಣದಲ್ಲಿ ಸ್ವಲ್ಪ ಹೊತ್ತು ಬಿಸಿಲಿಗಿಡಿ, ಮೆತ್ತಗಾಗುತ್ತದೆ. ಲೈನೋ ಹಿಡಿದ ಕೈ ಯಾವಾಗಲೂ ಉಳಿಯ ಮೊನೆಯ ಹಿಂದೆ ಇರಬೇಕು. ಮೊದಲು ವಿ ಉಳಿಯಲ್ಲಿ ಅಂಚು, ಆಮೇಲೆ ಯು ಉಳಿಯಲ್ಲಿ ಬಿಳಿ ಜಾಗ.

ಕೆತ್ತಿದ್ದು ಬಿಳಿ, ಉಳಿದದ್ದು ಕಪ್ಪು. ಇಲ್ಲಿನ ಹಸಿರನ್ನೆಲ್ಲ ತುಂಬಿಸಲು ಹೋದರೆ ಕೆಟ್ಟಿತು. ಗದ್ದೆಗೆ ಬದುವಿನ ಗೆರೆ ಮಾತ್ರ ಬಿಳಿ ಮಾಡಿ. ತೋಟಕ್ಕೆ ಎರಡು ಸಿಲ್ವರ್ ಓಕ್, ಒಂದಕ್ಕೆ ಹಬ್ಬಿದ ಮೆಣಸಿನ ಬಳ್ಳಿ ಸಾಕು. ಮಣ್ಣಿನ ನಾಯಿಯನ್ನು ನಾನು ಪೂರ್ತಿ ಕಪ್ಪು ಬಿಡುತ್ತೇನೆ, ಕಣ್ಣು ಕೂಡ ಕೆತ್ತುವುದಿಲ್ಲ. ಕಿವಿ, ಬಾಲದ ನೆರಳೇ ಅದನ್ನು ತೋರಿಸಿಕೊಡುತ್ತದೆ.

ಇಂಕನ್ನು ಗಾಜಿನ ಮೇಲೆ ತೆಳ್ಳಗೆ ಹರಡಿ. ರೋಲರ್ ಸಣ್ಣಗೆ ಚರ್ ಚರ್ ಅನ್ನಬೇಕು. ಪಚಪಚ ಅಂದರೆ ಇಂಕು ಜಾಸ್ತಿ, ಸಣ್ಣ ಗೆರೆಗಳು ಮುಚ್ಚಿಹೋಗುತ್ತವೆ. ಕಾಗದ ಇಟ್ಟು ಚಮಚದ ಬೆನ್ನಿನಿಂದ ನಡುವಿನಿಂದ ಅಂಚಿಗೆ ಉಜ್ಜಿ. ಒಂದು ಮೂಲೆ ಎತ್ತಿ ನೋಡಿ. ಮಂಕಾಗಿದ್ದರೆ ಅಲ್ಲಿ ಮತ್ತೆ ಉಜ್ಜಿ.

ಮಂಜು ಬೇಕಾ? ಇಂಕು ಹಚ್ಚಿದ ಮೇಲೆ ಬೆಟ್ಟದ ಬುಡವನ್ನು ಒಣಬಟ್ಟೆಯಲ್ಲಿ ಹಗುರಾಗಿ ಒರೆಸಿ, ಆಮೇಲೆ ಒತ್ತಿ. ಪ್ರತಿ ಅಚ್ಚಿನಲ್ಲೂ ಮಂಜು ಬೇರೆ ಬೇರೆ ಬರುತ್ತದೆ, ಅದೇ ಚೆಂದ.

ಎಣ್ಣೆ ಇಂಕು ಒಣಗುವುದು ಗಾಳಿಯಿಂದ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ಬಟ್ಟೆಯೇ ಒಣಗುವುದಿಲ್ಲ, ಇಂಕೆಲ್ಲಿ ಒಣಗುತ್ತದೆ! ಕಾಗದಕ್ಕೂ ಬೂಸ್ಟು ಹಿಡಿಯುತ್ತದೆ. ಹಾಗಾಗಿ ಮಳೆಗಾಲದಲ್ಲಿ ಕೆತ್ತಿ, ಡಿಸೆಂಬರ್ ನಂತರ ಒತ್ತಿ. ಒಲೆಯ ಮೇಲೆ ನೇತುಹಾಕಬೇಡಿ, ಹೊಗೆಗೆ ಕಾಗದ ಹಳದಿಯಾಗುತ್ತದೆ.

ರೋಲರ್, ಗಾಜು, ಲೈನೋ ಮೂರನ್ನೂ ಅಡುಗೆ ಎಣ್ಣೆಯಲ್ಲಿ ಒರೆಸಿ, ಆಮೇಲೆ ಸೋಪು ಹಾಕಿ. ಸೀಮೆಎಣ್ಣೆ ವಾಸನೆ ಮನೆಯೊಳಗೆ ಯಾಕೆ, ಅಲ್ವಾ? ಹತ್ತು ಒತ್ತಿದರೆ ಅಚ್ಚಿನ ಕೆಳಗೆ ಪೆನ್ಸಿಲಿನಲ್ಲಿ 1/10, 2/10 ಅಂತ ಬರೆದು ಬಲಕ್ಕೆ ಸಹಿ ಹಾಕಿ. ಇದು ಅಚ್ಚು ಕಲಾವಿದರ ರೂಢಿ.